ನೀಲಿ ಗೋಡೆಗೆ ಅಭಿನಂದನೆ ಕಳಿಸಿದವರಿಗೆ

ಊರಿನ ಬಾಡಿಗೆ ಮನೆಗಳ ಶಾಖರಕ್ಷಣಾ ವಿಭಾಗದ ಮುಖ್ಯಸ್ಥರೇ,

ಮೊದಲಿಗೆ, ಬರೆಯುತ್ತಿರುವುದಕ್ಕೇ ಕ್ಷಮೆ ಕೇಳುತ್ತೇನೆ. ನಾನು ಪತ್ರಿಕೆಗೆ ಬರೆಯುವವಳಲ್ಲ. ಕಟ್ಟಡ ಎಂಜಿನಿಯರಿಂಗಿನ ಮೊದಲ ವರ್ಷದ ವಿದ್ಯಾರ್ಥಿನಿ. ತರಗತಿಯಲ್ಲಿ ಕೈ ಎತ್ತಬೇಕೆಂದುಕೊಂಡರೇ ಅಂಗೈ ಬೆವರುತ್ತದೆ. ಅಮ್ಮ ಈ ಊರಿನವಳು; ಅಪ್ಪ ಮಾತ್ರ ಇಂಗ್ಲೆಂಡಿನವರು, ಸೈನ್ಯದಲ್ಲಿದ್ದವರು. ಎಂಟನೇ ವಯಸ್ಸಿಗೇ ನನ್ನನ್ನು ಅಲ್ಲಿನ ಯಾರ್ಕ್‌ಶೈರಿನ ಶಾಲೆಯ ಹಾಸ್ಟೆಲಿಗೆ ಹಾಕಿದರು. ಅಲ್ಲಿ ದೊಡ್ಡವರ ಮುಂದೆ ಹೇಳಲು ಕಲಿಸುವ ಮಾತು ಎರಡೇ: "ಥ್ಯಾಂಕ್ಯೂ" ಮತ್ತು "ಸಾರಿ". ಆದರೂ ಇವತ್ತು ಮೂರನೆಯ ಮಾತು ಆಡಲೇಬೇಕಾಗಿದೆ. ನಿಮ್ಮ ಕಚೇರಿಗೆ ಬರೆದ ಪತ್ರಗಳಿಗೆಲ್ಲ ಬಂದ ಉತ್ತರ ಒಂದೇ: "ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ." ಅಮೂಲ್ಯವಾದದ್ದನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಸಹಜವೇ. ಅದಕ್ಕೇ ಈ ಸಲ ಬೀದಿಯಲ್ಲಿ ನಿಂತು ಹೇಳುತ್ತಿದ್ದೇನೆ.

ಕ್ರೇಗ್‌ಬರ್ನ್ ಕೋರ್ಟಿನ ಮೂರನೇ ಕಟ್ಟಡಕ್ಕೆ ಹೊರಗೋಡೆಯ ಬೆಚ್ಚನೆ ಹೊದಿಕೆ ಬೇಕಿಲ್ಲ ಎಂದು ನೀವು ತೀರ್ಮಾನಿಸಿದ್ದೀರಿ. ಕಾರಣ, ಬಿಸಿಯನ್ನು ಕೆಂಪಾಗಿ, ತಂಪನ್ನು ನೀಲಿಯಾಗಿ ತೋರಿಸುವ ನಿಮ್ಮ ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಆ ಕಟ್ಟಡದ ಗೋಡೆಯಿಂದ ಶಾಖ ಸೋರುವುದು ಕಾಣಲಿಲ್ಲ. ನಿಜ, ಮಾನ್ಯರೇ. ಸೋರಲಿಲ್ಲ. ಸೋರುವುದಕ್ಕೆ ಒಳಗೆ ಏನಾದರೂ ಇರಬೇಕಲ್ಲ? ಖಾಲಿ ಕೊಡವನ್ನು ಎತ್ತಿ ಹಿಡಿದು, ಒಂದು ಹನಿಯೂ ಬೀಳುತ್ತಿಲ್ಲ, ಎಂಥ ಗಟ್ಟಿ ಕೊಡ ಎಂದು ಶಿಫಾರಸು ಬರೆದ ಹಾಗಾಯಿತು ಇದು.

ಆ ಕಟ್ಟಡದ ಎರಡನೇ ಮಹಡಿಯಲ್ಲಿ ನನ್ನ ತಾಯಿಯ ತಾಯಿ ಎಫೀ ಲ್ಯಾಂಬಿ ಇದ್ದಾಳೆ. ಹಾಸ್ಟೆಲಿನ ರಜೆಗಳೆಲ್ಲ ನನಗೆ ಅವಳ ಮನೆಯಲ್ಲೇ ಕಳೆದವು. ನದಿ ಕಡಲಿಗೆ ಸೇರುವ ಕಡೆಯಿಂದ ಬರುವ ಗಾಳಿ ನೇರವಾಗಿ ಅವಳ ಮಲಗುವ ಕೋಣೆಯ ಗೋಡೆಗೇ ಬಡಿಯುತ್ತದೆ. ಮಂಚದ ತಲೆಬದಿಯಲ್ಲಿ ಬೂಷ್ಟು ಕಪ್ಪಾಗಿ ಹರಡಿದೆ. ಒರೆಸಿದಷ್ಟೂ ಮತ್ತೆ ಬರುತ್ತದೆ. ಹಾಗಾಗಿ ಮನೆಯಲ್ಲಿದ್ದಾಗ ಅವಳು ಮಂಚದ ಮೇಲೆ ಮಲಗುವುದಿಲ್ಲ, ಮುಂದಿನ ಕೋಣೆಯ ಕುರ್ಚಿಯಲ್ಲಿ ಕೋಟು ಹಾಕಿಕೊಂಡೇ ನಿದ್ದೆ ಮಾಡುತ್ತಾಳೆ. ಪುಪ್ಪುಸದ ಕಾಯಿಲೆ ಇರುವವಳು.

ಈಗ ನಿಮ್ಮ ಸೂಚನಾಪತ್ರದ ವಿಷಯಕ್ಕೆ ಬರುತ್ತೇನೆ. ಚಳಿಗಾಲದ ಶುರುವಿನಲ್ಲಿ ಪ್ರತಿ ಬಾಗಿಲ ಸಂದಿಯಲ್ಲೂ ಅದನ್ನು ತೂರಿಸಿಹೋದಿರಿ: "ಶಾಖ ಪೋಲು ಮಾಡುವ ಮನೆಗಳನ್ನು ವಿಶೇಷ ಕ್ಯಾಮೆರಾದ ಮೂಲಕ ಪತ್ತೆ ಹಚ್ಚಲಾಗುವುದು." ಪತ್ತೆ ಹಚ್ಚಲಾಗುವುದು! ಕಳ್ಳನಿಗೆ ಬಳಸುವ ಮಾತು. ಪೋಲು ಮಾಡುವುದು ಗೋಡೆ, ಮನೆಯವರಲ್ಲ ಎಂದು ಒಂದು ಸಾಲು ಸೇರಿಸಿದ್ದರೆ ಕಾಗದ ಹರಿದುಹೋಗುತ್ತಿತ್ತೇ? ಅದಕ್ಕಿಂತ ಮುಖ್ಯವಾಗಿ, ಕ್ಯಾಮೆರಾ ಬರುವುದೆಂದು ಅದರಲ್ಲಿ ಬರೆದಿದ್ದ ದಿನ ಬೆಳಿಗ್ಗೆಯಿಂದ ಮನೆಯನ್ನು ಬಿಸಿಯಾಗಿಡಿ, ಇಲ್ಲದಿದ್ದರೆ ಕ್ಯಾಮೆರಾಕ್ಕೆ ಏನೂ ಕಾಣುವುದಿಲ್ಲ ಎಂಬ ಮಾತು ಎಲ್ಲಿಯೂ ಇರಲಿಲ್ಲ. ಒಳಗಿನ ಬಿಸಿಗೂ ಹೊರಗಿನ ಚಳಿಗೂ ಚೆನ್ನಾಗಿ ಅಂತರವಿದ್ದರೆ ಮಾತ್ರ ಆ ಚಿತ್ರಕ್ಕೆ ಅರ್ಥ. ಇದನ್ನು ನಮಗೆ ಮೊದಲ ಸೆಮಿಸ್ಟರಿನಲ್ಲೇ ಹೇಳಿಕೊಟ್ಟಿದ್ದಾರೆ. ನಾನೇನಾದರೂ ತಪ್ಪು ತಿಳಿದಿದ್ದರೆ ದಯವಿಟ್ಟು ತಿದ್ದಿ. ನಿಮ್ಮಲ್ಲಿ ಎರಡನೇ ವರ್ಷ ಓದಿದವರು ಯಾರಾದರೂ ಇರಬಹುದು.

ಸೂಚನೆ ಬಂದ ಸಂಜೆ, ಕಟ್ಟಡದ ಎಲ್ಲ ಮನೆಗಳಿಗೂ ಇರುವ ಒಂದೇ ಮೆಟ್ಟಿಲ ಮೇಲೆ ನಡೆದ ಮಾತುಕತೆಯನ್ನು ಕೆಳಗಿನ ಮನೆಯ ಸೆಂಗಾ ಆಂಟಿ ನನಗೆ ಹಾಗೇ ಹೇಳಿದರು.

"ಕ್ಯಾಮೆರಾ ಬರತ್ತಂತೆ ಕಣ್ರಪ್ಪಾ. ಯಾರ್ಯಾರು ಹೀಟರ್ ಉರಿಸ್ತಾ ಕೂತಿದಾರೆ ಅಂತ ಗೋಡೆ ಆಚೆಯಿಂದ್ಲೇ ಕಾಣತ್ತಂತೆ," ಎಂದರಂತೆ ಸೆಂಗಾ ಆಂಟಿ.

"ನಾನು ಬರೀ ಬನಿಯನ್ನಲ್ಲಿ ಕೂತಿದ್ರೆ ಅದೂ ಕಾಣತ್ತಾ?" ಇದು ಎದುರು ಮನೆಯ ಟ್ಯಾಮ್.

"ಕಂಡ್ರೆ ಕ್ಯಾಮೆರಾನೇ ಒಡೆದುಹೋಗತ್ತೆ. ಸುಮ್ನೆ ಕೂತ್ಕೊಳ್ಳೋ."

"ನಗಬೇಡ್ರೇ," ಎಂದಳಂತೆ ನನ್ನಜ್ಜಿ. "ಮೊದಲನೇ ಕಟ್ಟಡದವರು ಏನ್ ಬೇಕಾದ್ರೂ ಮಾಡ್ಕೊಳ್ಳಲಿ. ನಮ್ಮ ಮೆಟ್ಟಿಲಿನವರು ಪೋಲು ಮಾಡ್ತಾರೆ ಅಂತ ಯಾರ ಬಾಯಲ್ಲೂ ಬರಬಾರ್ದು. ಅವತ್ತು ಎಲ್ಲರೂ ಹೀಟರ್ ಆರಿಸಿ. ಮೆಟ್ಟಿಲು ತೊಳೆಯೋ ಸರದಿ ಯಾರ್ದು?"

"ನಂದೇ, ಎಫೀ."

"ಹಾಗಾದ್ರೆ ಬ್ಲೀಚ್ ಹಾಕಿ ತೊಳಿ, ಟ್ಯಾಮ್. ಹೋದ್ಸಲ ಬರೀ ನೀರು ಚೆಲ್ಲಿ ಮೋಸ ಮಾಡಿದ್ದೆ."

ನಿಮ್ಮ ವ್ಯಾನು ಬರುವ ದಿನ ಬೆಳಗಿನಿಂದಲೇ ಇಡೀ ಕಟ್ಟಡದ ಹೀಟರುಗಳು ಆರಿದವು. ಮೆಟ್ಟಿಲುಗಳು ತೊಳೆದು ಹೊಳೆದವು. ಅಧಿಕಾರಿಗಳು ಒಳಗೆ ಬಂದರೆ ಬೂಷ್ಟಿನ ವಾಸನೆ ಬರಬಾರದು ಎಂದು ಎಲ್ಲ ಮನೆಗಳ ಎಲ್ಲ ಕಿಟಕಿಗಳನ್ನೂ ಮಧ್ಯಾಹ್ನ ಪೂರ್ತಿ ತೆರೆದಿಟ್ಟು ಗಾಳಿಯಾಡಿಸಿದರು. ಕತ್ತಲಾದ ಮೇಲೆ ವ್ಯಾನು ತಿರುವಿನಲ್ಲಿ ಕಂಡಾಗ ಕಿಟಕಿ ಮುಚ್ಚಿ, ಪರದೆ ಸರಿಮಾಡಿ, ಒಳಗೆ ಚಳಿಗೆ ಹಲ್ಲು ಕಟಕಟಿಸುತ್ತ ಕೂತರು. ನಿಮ್ಮವರು ಒಳಗೆ ಬರಲೇ ಇಲ್ಲ. ರಸ್ತೆಯಲ್ಲೇ ನಿಂತು ಚಿತ್ರ ತೆಗೆದುಕೊಂಡು ಹೋದರು. ಬಾಗಿಲು ತಟ್ಟಿದ್ದರೆ ಸಾಕಿತ್ತು. ಅಜ್ಜಿ ಚಹಾ ಕೊಟ್ಟಿರುತ್ತಿದ್ದಳು. ಲೋಟ ಹಿಡಿದ ಅವಳ ಬೆರಳುಗಳ ಬಣ್ಣ ನೋಡಲು ಯಾವ ಕ್ಯಾಮೆರಾವೂ ಬೇಕಾಗಿರಲಿಲ್ಲ.

ಇವರೆಂಥ ಮೂರ್ಖರು ಎಂದು ನಗಬೇಡಿ. ಹಾಸ್ಟೆಲಿನಲ್ಲಿ ಬೆಳೆದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ತಪಾಸಣೆ ಎಂದರೆ ಇಲ್ಲದ್ದನ್ನು ಇದ್ದ ಹಾಗೆ, ಇದ್ದದ್ದನ್ನು ಇಲ್ಲದ ಹಾಗೆ ತೋರಿಸುವ ದಿನ. ಒದ್ದೆ ಹಾಸಿಗೆಯನ್ನು ಒಣಗಿದ ಚಾದರದ ಕೆಳಗೆ ಮುಚ್ಚಿಟ್ಟು ನೆಟ್ಟಗೆ ನಿಲ್ಲುತ್ತಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಬರೀ ತಪ್ಪು ಹುಡುಕುವುದಕ್ಕೇ ಬರುತ್ತಿದ್ದವರು, ಈ ಸಲ ಮಾತ್ರ ಸಹಾಯ ಮಾಡುವುದಕ್ಕೆ ಬಂದಿದ್ದಾರೆ ಎಂದು ಜನ ಹೇಗೆ ಊಹಿಸಬೇಕಿತ್ತು?

ಆಮೇಲೆ ಬಂದದ್ದು ನಿಮ್ಮ ಅಭಿನಂದನಾ ಪತ್ರ. ಒಂದು ಕಡೆ ಕಟ್ಟಡದ ಬಣ್ಣದ ಚಿತ್ರ, ಮೇಲಿಂದ ಕೆಳಗೆ ಕಡುನೀಲಿ. ಇನ್ನೊಂದು ಕಡೆ "ನಿಮ್ಮ ಮನೆ ಶಾಖವನ್ನು ಅತ್ಯುತ್ತಮವಾಗಿ ಹಿಡಿದಿಟ್ಟುಕೊಳ್ಳುತ್ತಿದೆ." ಅಜ್ಜಿಗೆ ಹೆಮ್ಮೆಯೋ ಹೆಮ್ಮೆ. ಗೋಡೆಗೆ ಅಂಟಿಸಲು ನೋಡಿದಳು. ಗೋಡೆ ಒದ್ದೆಯಾಗಿದ್ದರಿಂದ ಟೇಪು ಹಿಡಿಯಲಿಲ್ಲ. ಕೊನೆಗೆ ಗಡಿಯಾರಕ್ಕೆ ಒರಗಿಸಿಟ್ಟಳು. ಮೊದಲ ಎರಡು ಕಟ್ಟಡಗಳಿಗೆ ಕಬ್ಬಿಣದ ಅಟ್ಟಣಿಗೆ ಕಟ್ಟಿ ಹೊದಿಕೆಯ ಕೆಲಸ ಶುರುವಾದಾಗಲೇ ಮೂರನೆಯದರವರಿಗೆ ತಾವು ಗೆದ್ದದ್ದು ಏನನ್ನು ಎಂದು ಗೊತ್ತಾದದ್ದು. ಆ ಎರಡು ಕಟ್ಟಡದವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಅವರ ಗೋಡೆಗಳೂ ಸೋರುತ್ತವೆ. ಮುಂಗಡ ಹಣ ಹಾಕಿದರೆ ಮಾತ್ರ ಓಡುವ ಮೀಟರಿಗೆ ಹಾಕಲು ಅವರಿಗೆ ಆ ವಾರ ಹಣವಿತ್ತು, ಹೀಟರ್ ಆರಿಸಿ ಎನ್ನುವ ನನ್ನಜ್ಜಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಹೇಳಬೇಕಾದದ್ದನ್ನು ಕಾಗದದಲ್ಲಿ ಬರೆದುಕೊಂಡೇ ಮಾಡಿದೆ. ಎತ್ತಿಕೊಂಡವರು ಸೌಮ್ಯವಾಗಿಯೇ ಮಾತಾಡಿದರು.

"ನೋಡಮ್ಮಾ, ನೀಲಿ ಅಂದ್ರೆ ಒಳ್ಳೇದು. ಕೆಂಪು ಅಂದ್ರೆ ಕೆಟ್ಟದ್ದು."

"ಆದ್ರೆ ಸರ್, ಒಳಗೂ ಚಳಿ, ಹೊರಗೂ ಚಳಿ ಆದ್ರೆ ನೀಲಿ ಬರತ್ತೆ..."

"ಬರತ್ತೆ. ಒಳ್ಳೇದಲ್ವಾ ಅದು?"

"ಸರ್, ಹಾಗಾದ್ರೆ ನಿಮ್ಮ ಲೆಕ್ಕದಲ್ಲಿ ಸ್ಮಶಾನಕ್ಕೂ ಅತ್ಯುತ್ತಮ ಅಂತ ಕೊಡ್ತೀರಾ?"

ಆ ಮಾತು ನನ್ನ ಬಾಯಿಂದ ಬಂತೆಂದು ನನಗೇ ನಂಬಿಕೆಯಾಗಲಿಲ್ಲ. ಅವರು "ಈ ದನಿಯಲ್ಲಿ ಮಾತಾಡಿದ್ರೆ ಲೈನ್ ಕಟ್ ಮಾಡಬೇಕಾಗತ್ತೆ" ಎಂದರು, ಮಾಡಿದರು.

ಕಳೆದ ತಿಂಗಳು ಅಜ್ಜಿಗೆ ಉಸಿರು ಸಿಗದೆ ಆಂಬುಲೆನ್ಸ್ ಬಂತು. ಈಗ ಆಸ್ಪತ್ರೆಯಲ್ಲಿ ಚೇತರಿಸಿಕೊಂಡಿದ್ದಾಳೆ. ಬೆಚ್ಚನೆ ವಾರ್ಡಿನಲ್ಲಿ ಕೆನ್ನೆಗೆ ಬಣ್ಣ ಬಂದಿದೆ, ನರ್ಸುಗಳಿಗೆ ಬೈಯುವಷ್ಟು ಶಕ್ತಿಯೂ ಬಂದಿದೆ. ಮನೆಗೆ ಕಳಿಸುವ ಮುನ್ನ ವಾರ್ಡಿನ ಸಿಸ್ಟರ್ ನನ್ನೆದುರಿಗೇ ಕೇಳಿದರು: "ಎಫೀ, ಮನೇಲಿ ಬೆಚ್ಚಗಿರತ್ತಾ? ನಿಜ ಹೇಳ್ಬೇಕು. ತಣ್ಣಗಿರೋ ಮನೇಗೆ ನಾನು ನಿನ್ನ ಕಳ್ಸಲ್ಲ."

"ಬೆಚ್ಚಗಿರತ್ತೆ, ತಾಯಿ. ಸರ್ಟಿಫಿಕೇಟೇ ಇದೆ."

"ಅಜ್ಜಿ!" ಎಂದೆ.

"ನೀನು ಸುಮ್ನಿರೇ, ಅರ್ಧ ಇಂಗ್ಲಿಷಿನವಳೇ. ಕಚೇರಿಯವರು ಕ್ಯಾಮೆರಾ ಹಿಡಿದು ನೋಡಿ ಬರ್ಕೊಟ್ಟಿದಾರೆ. ಅತ್ಯುತ್ತಮ ಅಂತೆ. ನಿಮ್ಮ ಕಾಲೇಜಿನವರಿಗಿಂತ ಅವರಿಗೆ ಗೊತ್ತು."

ಅವಳಿಗೆ ಮನೆಗೆ ಹೋಗುವ ಆಸೆ. ಅದಕ್ಕೆ ಬೇಕಾದ ಸುಳ್ಳನ್ನು ನೀವು ಮುದ್ರಿಸಿ, ಮೊಹರು ಒತ್ತಿ, ಮನೆ ಬಾಗಿಲಿಗೇ ತಲುಪಿಸಿದ್ದೀರಿ. ನಾನು ಸಿಸ್ಟರಿಗೆ ಬೂಷ್ಟಿನ ವಿಷಯ ಹೇಳಿದೆ. ಅವರು ಬೇಸರದಿಂದಲೇ ಹೇಳಿದರು: "ನಂಗೆ ನಿನ್ನ ಮಾತಿನ ಮೇಲೆ ನಂಬಿಕೆ ಇದೆ ಪುಟ್ಟಿ. ಆದ್ರೆ ಹಾಸಿಗೆ ಹಿಡಿದಿಡೋಕೆ ಕಾರಣ ಬೇಕು. ಕಚೇರಿ ಕಾಗದ ಬೆಚ್ಚಗಿದೆ ಅನ್ನತ್ತೆ. ಇಲ್ಲ ಅಂತ ಅವರೇ ಒಂದು ಕಾಗದ ಕೊಟ್ರೆ ನೋಡೋಣ." ಬಿಡುಗಡೆ ಈ ಗುರುವಾರ.

ಅದಕ್ಕೇ ಶನಿವಾರ ಒಂದು ಪ್ರಯೋಗ ಮಾಡಿದೆವು. ಕಾಲೇಜಿನ ಲ್ಯಾಬಿನಿಂದ ಕ್ಯಾಮೆರಾ ಕೇಳಿ ತಂದೆ. ಸೆಂಗಾ ಆಂಟಿಯ ಹತ್ತಿರ ಅಜ್ಜಿಯ ಮನೆಯ ಬೀಗದಕೈ ಇತ್ತು. ದಿನವಿಡೀ ಹೀಟರ್ ಉರಿಸುವಷ್ಟು ಹಣ ಯಾವ ಒಂದು ಮನೆಯಲ್ಲೂ ಇಲ್ಲ; ಹಾಗಾಗಿ ಎಲ್ಲರೂ ಒಂದಿಷ್ಟು ಕೂಡಿಸಿ ಅಜ್ಜಿಯ ಮೀಟರಿಗೆ ಹಾಕಿದರು. ಎಲ್ಲರ ಹೀಟರುಗಳನ್ನೂ ಅಜ್ಜಿಯ ಮುಂದಿನ ಕೋಣೆಗೇ ಹೊತ್ತು ತಂದೆವು. ಬೆಳಿಗ್ಗೆ ಉರಿಸಿದವು ಸಂಜೆವರೆಗೂ ಉರಿದವು. ಅಷ್ಟೇ ಅಲ್ಲ, ಮೆಟ್ಟಿಲಿನ ಜನರೆಲ್ಲ ಬಂದು ಆ ಕೋಣೆಯಲ್ಲಿ ಒತ್ತಿಕೊಂಡು ಕೂತರು. ಮನುಷ್ಯರ ಮೈಯೂ ಬಿಸಿಯೇ ತಾನೇ? ಚಹಾ ಕುದಿಯಿತು, ಸಾಸೇಜ್ ಬನ್ ಬಂತು. ಟ್ಯಾಮ್ ಸ್ವೆಟರ್ ತೆಗೆದು, "ಅಬ್ಬಾ, ಈ ಕಟ್ಟಡದಲ್ಲಿ ನಾನು ಬೆವರ್ತಾ ಇರೋದು ಇದೇ ಮೊದಲು. ಯಾರಾದ್ರೂ ಡಾಕ್ಟರ್‌ನ ಕರೀರಿ!" ಎಂದ. ಅಜ್ಜಿ ಆಸ್ಪತ್ರೆಯಿಂದಲೇ ಫೋನ್ ಮಾಡಿ, "ನನ್ನ ಕಾರ್ಪೆಟ್ ಮೇಲೆ ಬೂಟು ಹಾಕ್ಕೊಂಡು ಕೂತಿರೋರು ಯಾರು? ಈಗ್ಲೇ ಬಿಚ್ಚಿ!" ಎಂದಳು. ಎಲ್ಲರೂ ಬಿಚ್ಚಿದರು.

ಕತ್ತಲಾದ ಮೇಲೆ ನಾನು ಕೆಳಗಿಳಿದು, ನಿಮ್ಮ ವ್ಯಾನು ನಿಂತಿದ್ದ ಜಾಗದಲ್ಲೇ ನಿಂತೆ. ಕ್ಯಾಮೆರಾ ಎತ್ತಿ ಹಿಡಿದೆ. ಅದರ ಪುಟ್ಟ ತೆರೆಯ ಮೇಲೆ ಕಟ್ಟಡವೆಲ್ಲ ನೀಲಿ, ನಡುವೆ ಒಂದೇ ಒಂದು ಮನೆ ಕೆಂಡದ ಹಾಗೆ. ಕಿಟಕಿಯ ಕೆಳಗಿನ ಗೋಡೆ ಬಿಳಿಯೇರುವಷ್ಟು ಕೆಂಪು. ನೆಲದ ಕಾಂಕ್ರೀಟು ಗೋಡೆಗೆ ಸೇರುವ ಅಂಚಿನುದ್ದಕ್ಕೂ ಬೆಂಕಿಯ ಗೆರೆ. ಎಲ್ಲರ ಹೀಟರು, ಎಲ್ಲರ ಮೈಬಿಸಿ, ಟ್ಯಾಮ್‌ನ ಬೆವರು, ಎಲ್ಲ ಆ ಗೋಡೆ ದಾಟಿ ನದಿಯ ಕಡೆಗೆ ಹೋಗುತ್ತಿತ್ತು. ಹೀಟರುಗಳನ್ನು ಆರಿಸಿ ಎಲ್ಲರೂ ಅವರವರ ಮನೆಗೆ ಹೋದರು. ಹೆಚ್ಚು ಹೊತ್ತಾಗುವ ಮೊದಲೇ ಆ ಕೋಣೆಯಲ್ಲಿ ಉಳಿದ ನನ್ನ ಉಸಿರು ಮತ್ತೆ ಹೊಗೆಯ ಹಾಗೆ ಕಾಣತೊಡಗಿತು.

ಚಿತ್ರವನ್ನು ಈ ಪತ್ರದೊಂದಿಗೆ ಪತ್ರಿಕೆಗೂ ಕೊಟ್ಟಿದ್ದೇನೆ. ಮೊದಲ ವರ್ಷದವಳು ತೆಗೆದದ್ದು, ಮೂಲೆಯಲ್ಲಿ ನನ್ನ ಬೆರಳೂ ಬಂದಿದೆ. ನಿಮ್ಮ ಪರಿಣತರು ಇದಕ್ಕಿಂತ ಒಳ್ಳೆಯದನ್ನು ತೆಗೆಯಲಿ, ನನಗೆ ಸಂತೋಷವೇ. ಆದರೆ ಒಂದು ಕೇಳುತ್ತೇನೆ. ಚಳಿಯಲ್ಲಿ ಸುಮ್ಮನೆ ಕೂರುವ ಬಡವರೆಲ್ಲ ನಿಮ್ಮ ಚಿತ್ರಗಳಲ್ಲಿ ಅತ್ಯುತ್ತಮರಾಗುವುದಾದರೆ, ಈ ಊರಿನಲ್ಲಿ ಇನ್ನೂ ಎಷ್ಟು ಕಟ್ಟಡಗಳಿಗೆ ನೀವು ಅಭಿನಂದನೆ ಹೇಳಿದ್ದೀರಿ?

ನನ್ನ ಬೇಡಿಕೆ ದೊಡ್ಡದಲ್ಲ. ಆ ಅಭಿನಂದನಾ ಪತ್ರ ತಪ್ಪು, ಆ ಮನೆ ಬೆಚ್ಚಗಿಲ್ಲ ಎಂದು ನಿಮ್ಮ ಕಾಗದದ ಮೇಲೆ, ನಿಮ್ಮ ಸಹಿಯೊಂದಿಗೆ ಆಸ್ಪತ್ರೆಗೆ ಬರೆದುಕೊಡಿ. ಪಕ್ಕದ ಕಟ್ಟಡದ ಅಟ್ಟಣಿಗೆ ಬಿಚ್ಚುವ ಮೊದಲು ಮೂರನೆಯದನ್ನು ಒಳಗಿನಿಂದ ಬಿಸಿಮಾಡಿಸಿ ಮತ್ತೊಮ್ಮೆ ಪರೀಕ್ಷಿಸಿ. ಆ ದಿನದ ಬಿಸಿಯ ಖರ್ಚು ನಿಮ್ಮದು. ಬರುವಾಗ ದಯವಿಟ್ಟು ಬಾಗಿಲು ತಟ್ಟಿ.

ಇಷ್ಟು ಉದ್ದ ಬರೆದದ್ದಕ್ಕೆ ಮತ್ತೆ ಸಾರಿ. ಅಜ್ಜಿಯನ್ನು ಗುರುವಾರ ಬೆಳಿಗ್ಗೆ ಮನೆಗೆ ಕಳಿಸುತ್ತಾರೆ.

ಇಂತಿ, ನಿಮ್ಮ ಲೆಕ್ಕದಲ್ಲಿ ಬೆಚ್ಚಗಿರುವ ಮನೆಯ ಮೊಮ್ಮಗಳು,
ಇಶ್‌ಬೆಲ್ ಥಾರ್ನ್

ಬುಧವಾರದೊಳಗೆ ಉತ್ತರ ಕೊಡಿ.