ನೀಲಿ ಕೋಟಿನ ಅಕ್ಕನವರ ಜೇಬಿನಲ್ಲಿರುವುದು

ಹುಬ್ಬಳ್ಳಿ
ನಡುಮಾಸದ ಮೂವತ್ತಮೂರನೆಯ ದಿನ, ಕ್ರಿ.ಶ. ೨೩೭೧

ಫೋಟೋದ ಎಡತುದಿಯಲ್ಲಿ ನೀಲಿ ಕೋಟು ತೊಟ್ಟು ನಿಂತ ಅಕ್ಕನವರಿಗೆ,

ನೀಲಗಂಗವ್ವ ಬಾಗೇವಾಡಿಯ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಓದದೆ ಅಳಿಸಿಹಾಕಬೇಡಿ. ನಿಮ್ಮ ಪಂಚಾಂಗದಲ್ಲಿ ನಡುಮಾಸವಿಲ್ಲ. ಮಳೆ ದಾರಿ ತಪ್ಪಿದ ಮೇಲೆ ನಮ್ಮ ಹಿರಿಯರು ಜ್ಯೇಷ್ಠ ಆಷಾಢಗಳ ನಡುವೆ ತುರುಕಿದ ತಿಂಗಳು ಅದು. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸೀತು. ಹಳೆಯ ಪುಸ್ತಕಗಳನ್ನು ಪಕ್ಕಕ್ಕಿಟ್ಟುಕೊಂಡು ನಿಮ್ಮ ಕಾಲದ ಬರವಣಿಗೆಯಲ್ಲಿ ಬರೆಯಲು ಪ್ರಯತ್ನಿಸಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಅದನ್ನೂ ಕ್ಷಮಿಸಿ. ಸಿಟ್ಟು ನಿಮ್ಮ ಮೇಲಲ್ಲ, ನಿಮ್ಮ ಪಕ್ಕದಲ್ಲಿ ನಿಂತವರ ಮೇಲೆ.

ಇಂಥ ಪತ್ರವನ್ನು ನಾವು ಹಿಂದೋಲೆ ಎನ್ನುತ್ತೇವೆ. ಹಿಂದಿನ ಕಾಲಕ್ಕೆ ಮಾತುಗಳನ್ನು ಮಾತ್ರ ಕಳಿಸಬಹುದು, ವಸ್ತುಗಳನ್ನಲ್ಲ. ನಿಮ್ಮಿಂದ ನಮಗೆ ಏನಾದರೂ ಬರಬೇಕಿದ್ದರೆ ಅದು ನೆಲದಲ್ಲಿ ಹೂತುಕೊಂಡು, ವರ್ಷಗಳನ್ನು ಒಂದೊಂದಾಗಿ ದಾಟಿ, ಮಾಮೂಲಿ ದಾರಿಯಲ್ಲೇ ಬರಬೇಕು. ಒಬ್ಬರಿಗೆ ಆಯುಷ್ಯದಲ್ಲಿ ಎರಡೇ ಹಿಂದೋಲೆ. ಮೊದಲನೆಯದನ್ನು ಹೋದ ತಿಂಗಳು ನಿಮ್ಮ ಕಾರ್ಖಾನೆಯ ಆಡಳಿತದವರಿಗೆ ಕಳಿಸಿದೆ. ಇದು ಎರಡನೆಯದು. ಇಲ್ಲಿಂದ ಓಲೆ ಹೋದ ಕೂಡಲೇ ಅಲ್ಲಿ ಹೂತ ಪೆಟ್ಟಿಗೆ ಮೊದಲಿನಿಂದಲೂ ಇದ್ದಂತೆ ಹೇಗೆ ಸಿಗುತ್ತದೆಂದು ನನ್ನನ್ನು ಕೇಳಬೇಡಿ. ಅದನ್ನು ಬಲ್ಲವರು ಬೇರೆ ಇದ್ದಾರೆ, ನನ್ನದು ಅಳತೆಯ ಕೆಲಸ.

ನಾನು ಕೀಲುಮನೆಯಲ್ಲಿ ಅಳತೆಗಾರ್ತಿ. ಸವೆದ ಮೂಳೆಯ ಬದಲಿಗೆ ದೇಹದೊಳಗೆ ಕೂರಿಸುವ ಲೋಹದ ಕೀಲುಗಳನ್ನು ಮಾಡುವ ಕಾರ್ಖಾನೆಗೆ ಇಲ್ಲಿ ಹಾಗೆನ್ನುತ್ತಾರೆ. ಸೊಂಟದ ಕೀಲೆಂದರೆ ಒಂದು ಗುಂಡು, ಅದು ತಿರುಗುವ ಒಂದು ಬಟ್ಟಲು. ಎರಡಕ್ಕೂ ಕನ್ನಡಿಯ ಹೊಳಪು. ನೂರು ವರ್ಷಗಳ ಹಿಂದೆ ಅಳೆಯುವ ಸಾಧನದ ಮೊನೆ ತಾಗಿ ಒಂದಷ್ಟು ಕೀಲುಗಳಿಗೆ ಗೀರು ಬಿತ್ತು. ಅವನ್ನು ಹಾಕಿಸಿಕೊಂಡ ಜನ ನರಳಿದರು, ದೊಡ್ಡ ಗದ್ದಲವಾಯಿತು, ಕೊನೆಗೆ ಮುಟ್ಟದಳತೆ ಕಾಯಿದೆ ಬಂತು. ಮುಟ್ಟಿ ಅಳೆಯುವ ಉಪಕರಣಗಳನ್ನೆಲ್ಲ ಕುಲುಮೆಗೆ ಹಾಕಿದರು. ಅಂದಿನಿಂದ ಎಲ್ಲವನ್ನೂ ಬೆಳಕೇ ಅಳೆಯುತ್ತದೆ.

ಬೆಳಕನ್ನು ನಾನು ಹೀಗಳೆಯುವುದಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಅದು ಲಕ್ಷಗಟ್ಟಲೆ ಜಾಗ ನೋಡಿ ಮುಗಿಸುತ್ತದೆ. ಮೆತ್ತನೆಯ ರಬ್ಬರನ್ನು ಮುಟ್ಟಿ ಅಳೆದರೆ ಅದು ಅಮುಕಿಕೊಂಡು ತಪ್ಪು ಗಾತ್ರ ತೋರಿಸುತ್ತದೆ, ಅಲ್ಲಿ ಬೆಳಕೇ ಸರಿ. ಆದರೆ ನಮ್ಮವರು ಇದನ್ನು ಒಂದು ಮಡಿಯನ್ನಾಗಿ ಮಾಡಿಕೊಂಡಿದ್ದಾರೆ. ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡಿದರೆ ದಂಡ ಹಾಕುತ್ತಾರೆ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ನೋಡುವ ತಾಯಿಯನ್ನು ಕಂಡು ನಗುತ್ತಾರೆ. ಬಳೆ ಮಾರುವವಳು ಕೈ ಹಿಡಿಯುವುದೇ ಇಲ್ಲ. ದೀಪದ ಕೆಳಗೆ ಅಂಗೈ ಚಾಚಿದರೆ ಗಾತ್ರ ಬರುತ್ತದೆ. ಹಿಚುಕಿದರೆ ಹೆಬ್ಬೆರಳಿನ ಬುಡ ಎಷ್ಟು ಮಣಿಯುತ್ತದೆಂದು ದೀಪಕ್ಕೇನು ಗೊತ್ತು? ಅದು ಯಾವಾಗಲೂ ದೊಡ್ಡ ಬಳೆಯನ್ನೇ ಹೇಳುತ್ತದೆ. ಹಾಗಾಗಿ ಊರಿನ ಹೆಂಗಸರ ಬಳೆಗಳೆಲ್ಲ ಕೈ ಎತ್ತಿದರೆ ಮೊಣಕೈಗೆ ಜಾರುತ್ತವೆ, ಇಳಿಸಿದರೆ ಕಳಚಿ ಬೀಳುತ್ತವೆ.

ಬಳೆ ಬಿದ್ದರೆ ಬೀಳಲಿ, ಕೀಲಿನ ಮಾತು ಬೇರೆ. ಹೊಳೆಯುವ ಬಟ್ಟಲಿನೊಳಗೆ ಬೆಳಕು ಅತ್ತಿತ್ತ ಪುಟಿದು ದಿಕ್ಕು ತಪ್ಪುತ್ತದೆ. ಅದಕ್ಕೆ ಅಳೆಯುವ ಮುಂಚೆ ಬಿಳಿಯ ಮಂಕುಪುಡಿ ಸಿಂಪಡಿಸಿ ಹೊಳಪು ಅಡಗಿಸುತ್ತೇವೆ. ಅಳೆದ ಮೇಲೆ ಪುಡಿಯ ದಪ್ಪವನ್ನು ಲೆಕ್ಕದಿಂದ ಕಳೆಯುತ್ತೇವೆ. ಆ ದಪ್ಪ ಎಲ್ಲ ಕಡೆಗೂ ಒಂದೇ ಎನ್ನುತ್ತದೆ ನಮ್ಮ ಕೋಷ್ಟಕ. ಪುಡಿ ಒರೆಸುವವಳು ನಾನು. ಅದು ಬಟ್ಟಲಿನ ತಳದಲ್ಲಿ ಹೆಚ್ಚು ಕೂರುತ್ತದೆ. ಆಗ ಬೆಳಕು ಆಳ ಸಾಲದೆನ್ನುತ್ತದೆ, ನಮ್ಮವರು ಬಟ್ಟಲನ್ನು ಇನ್ನಷ್ಟು ಉಜ್ಜುತ್ತಾರೆ, ಗುಂಡು ಬಟ್ಟಲಿನಲ್ಲಿ ಸಡಿಲವಾಗುತ್ತದೆ. ವ್ಯತ್ಯಾಸ ಕೂದಲೆಳೆಗಿಂತ ಕಡಿಮೆ. ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ನನ್ನ ಅಕ್ಕ ಕಸ್ತೂರೆವ್ವನ ಸೊಂಟಕ್ಕೆ ಅದು ಎರಡು ಸಲ ಗೊತ್ತಾಯಿತು. ದುರ್ಗದಬೈಲಿನ ಹತ್ತಿರ ಅವಳದೊಂದು ಖಾನಾವಳಿ ಇದೆ. ಇಡೀ ದಿನ ನಿಂತು ಜೋಳದ ರೊಟ್ಟಿ ಬಡಿಯುವವಳು. ಬೆಳಕು ಸೈ ಎಂದ ಎರಡು ಕೀಲುಗಳೂ ಅವಳ ಮೈಯೊಳಗೆ ಕಟಕಟ ಎನ್ನತೊಡಗಿ ಕೆಟ್ಟವು. ಈಗ ಸ್ಟೂಲಿನ ಮೇಲೆ ಕೂತು ಬಡಿಯುತ್ತಾಳೆ. ಕೂತು ಬಡಿದ ರೊಟ್ಟಿಯ ಅಂಚು ಸೀಳುತ್ತದೆಂಬುದು ಅವಳಿಗೆ ನೋವಿಗಿಂತ ದೊಡ್ಡ ಸಂಕಟ. ಮುಂದಿನ ತಿಂಗಳು ಮೂರನೆಯ ಶಸ್ತ್ರಚಿಕಿತ್ಸೆ. ಇದೂ ಕೆಟ್ಟರೆ ನಾಲ್ಕನೆಯದನ್ನು ಹಿಡಿಯುವಷ್ಟು ಮೂಳೆ ಉಳಿಯುವುದಿಲ್ಲ, ಆಮೇಲೆ ಹಾಸಿಗೆಯೇ ಗತಿ ಎಂದು ವೈದ್ಯರು ಹೇಳಿಬಿಟ್ಟಿದ್ದಾರೆ.

ನಮ್ಮ ಮೇಲಧಿಕಾರಿ ಮಲ್ಲನಗೌಡರ ಮುಂದೆ ಇದನ್ನೆಲ್ಲ ಹೇಳಿದೆ. ಅವರು ಕುರ್ಚಿಯಿಂದ ಏಳಲೂ ಇಲ್ಲ. "ಬೆಳಕ ಸುಳ್ಳ ಹೇಳಂಗಿಲ್ಲವ್ವಾ. ನಿಮ್ಮಕ್ಕ ನಡ್ಯೂದ ತಪ್ಪೈತಿ, ಸರೀ ನಡೀಲಿಕ್ಕೆ ಹೇಳು" ಎಂದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದು ಹೇಳಿದರೆ ಅಕ್ಕ ಹಿಟ್ಟಿನ ಕೈ ಝಾಡಿಸಿ, "ಹಂಗಾರ ಆ ಬೆಳಕಿಗೇ ಬಂದು ರೊಟ್ಟಿ ಬಡ್ಯಾಕ ಹೇಳ" ಎಂದಳು.

ನೀನೇ ಒಂದು ಮುಟ್ಟುವ ಸಾಧನ ಮಾಡಿಕೊಳ್ಳಬಾರದೇ ಎನ್ನುತ್ತೀರಿ. ಮಾಡಿದೆ, ಅಕ್ಕಾರೇ. ಅದು ಸರಿಯಿದೆಯೆಂದು ಯಾವುದರಿಂದ ನೋಡಲಿ? ಮತ್ತೆ ಅದೇ ಬೆಳಕು, ಅದೇ ಪುಡಿ. ಗೌಡರು ಅದನ್ನು ಆಟಿಕೆ ಎಂದು ಪಕ್ಕಕ್ಕೆ ತಳ್ಳಿದರು. ಕಾಯಿದೆಗಿಂತ ಮುಂಚಿನ ಉಪಕರಣ ಸಿಕ್ಕಿದರೆ ಮಾತ್ರ ಅದರ ಸಾಕ್ಷ್ಯವನ್ನು ಒಪ್ಪುವ ನಿಯಮವಿದೆ. ಎಲ್ಲ ಬಟ್ಟಲುಗಳನ್ನೂ ಮುಟ್ಟಬೇಕಿಲ್ಲ. ಒಂದೇ ಒಂದನ್ನು ಮುಟ್ಟಿ ತೋರಿಸಿದರೆ ಕೋಷ್ಟಕ ತಿದ್ದುತ್ತಾರೆ, ಮಿಕ್ಕಿದ್ದನ್ನು ಬೆಳಕೇ ಸರಿಯಾಗಿ ಅಳೆಯುತ್ತದೆ.

ಅದಕ್ಕೇ ಮೊದಲ ಓಲೆಯಲ್ಲಿ ಬಿಡಿಸಿ ಬರೆದಿದ್ದೆ: ಆಳ ಅಳೆಯುವ ಡೆಪ್ತ್ ಮೈಕ್ರೋಮೀಟರ್ ಒಂದು, ಅದನ್ನು ಸರಿನೋಡಲು ಸ್ಲಿಪ್ ಗೇಜ್, ಅಂದರೆ ಗಾತ್ರ ಖಚಿತವಿರುವ ಉಕ್ಕಿನ ತುಂಡು, ಒಂದು. ಎರಡಕ್ಕೂ ಗ್ರೀಸ್ ಮೆತ್ತಿ ನೃಪತುಂಗ ಬೆಟ್ಟದ ಮೂಡಣ ಇಳಿಜಾರಿನ ದೊಡ್ಡ ಬಂಡೆಯ ಬುಡದಲ್ಲಿ ಹೂತುಬಿಡಿ ಎಂದು. ಮರುದಿನವೇ ಹೋಗಿ ಅಗೆದೆ. ಪೆಟ್ಟಿಗೆ ಸಿಕ್ಕಿದಾಗ ಕುಣಿಯುವಷ್ಟು ಖುಷಿಯಾಯಿತು. ತೆರೆದರೆ ಏನಿತ್ತು ಗೊತ್ತೇ? ಒಂದು ಶಾಲು, ಒಂದು ಗಂಧದ ಹಾರ, "ಭವಿಷ್ಯದ ಬಂಧುಗಳಿಗೆ ನಮ್ಮ ಅತ್ಯಾಧುನಿಕ ಕೊಡುಗೆ" ಎಂದು ಕೆತ್ತಿದ ಹಿತ್ತಾಳೆ ಫಲಕ, ಮತ್ತು ಬೆಳಕಿನಿಂದಲೇ ಅಳೆಯುವ ಒಂದು ಲೇಸರ್ ಸ್ಕ್ಯಾನರ್! ಅದರ ಬ್ಯಾಟರಿ ಉಬ್ಬಿ ಒಡೆದು ಎಲ್ಲಕ್ಕೂ ರಾಡಿ ಹತ್ತಿತ್ತು. ನಾನು ಕೇಳಿದ್ದೇನು, ಇವರು ಕೊಟ್ಟದ್ದೇನು? ಮುಂದಿನ ಕಾಲದವರಿಗೆ ಹಳೇ ಸಾಮಾನು ಕೊಟ್ಟರೆ ಮರ್ಯಾದೆಯಲ್ಲವೆಂದು ಸಭೆ ಸೇರಿ ತೀರ್ಮಾನಿಸಿರಬೇಕು. ನೆಂಟ ಒಂದು ಲೋಟ ನೀರು ಕೇಳಿದರೆ ಶರಬತ್ತು ಮಾಡುತ್ತೇವೆಂದು ಬಾಯಾರಿಸಿ ಕೂರಿಸುವ ಜನ. ಬೆಳಕಿನ ಉಪಕರಣ ನಮ್ಮಲ್ಲಿ ಬೀದಿಗೊಂದು ಬಿದ್ದಿದೆ.

ಪೆಟ್ಟಿಗೆಯ ತಳದಲ್ಲಿ ಪ್ಲಾಸ್ಟಿಕ್ ಹೊದಿಸಿದ ಒಂದು ಫೋಟೋ ಇತ್ತು. ದೊಡ್ಡ ಮನುಷ್ಯರೆಲ್ಲ ಪೆಟ್ಟಿಗೆಗೆ ಒಂದೊಂದು ಕೈ ಹಚ್ಚಿ ಕ್ಯಾಮೆರಾ ನೋಡಿ ನಗುತ್ತಿದ್ದಾರೆ. ಎಡತುದಿಯಲ್ಲಿ ನೀವೊಬ್ಬರೇ ಹುಬ್ಬು ಗಂಟಿಕ್ಕಿ ಪೆಟ್ಟಿಗೆಯನ್ನು ನೋಡುತ್ತಿದ್ದೀರಿ. ನಿಮ್ಮ ಕೋಟಿನ ಜೇಬಿನ ಅಂಚಿಗೆ ಒಂದು ಉಕ್ಕಿನ ಅಡ್ಡಪಟ್ಟಿ ಸಿಕ್ಕಿಕೊಂಡಿದೆ, ಅದರ ಮೇಲೆ ಗೆರೆ ಕೊರೆದ ತಿರುಪು ಕಾಣುತ್ತದೆ. ಹಳೆಯ ಪುಸ್ತಕದ ಚಿತ್ರದ ಪಕ್ಕದಲ್ಲಿಟ್ಟು ನೋಡಿದೆ. ಅದೇ. ನಾನು ಕೇಳಿದ ಡೆಪ್ತ್ ಮೈಕ್ರೋಮೀಟರ್ ಪೆಟ್ಟಿಗೆಯಿಂದ ಒಂದು ಮೊಳ ದೂರದಲ್ಲಿ, ನಿಮ್ಮ ಜೇಬಿನಲ್ಲಿತ್ತು! ಸಿಟ್ಟಿಗೆ ನಾನು ಬೆಟ್ಟದ ಮೇಲೆ ಕೂತು ಅತ್ತುಬಿಟ್ಟೆ.

ನಿಮ್ಮ ಹೆಸರು ಗೊತ್ತಿಲ್ಲ. ಫೋಟೋದಲ್ಲಿನ ಮುಖ ತೋರಿಸಿದರೆ ಸಾಕು, ಹಿಂದೋಲೆ ಹುಡುಕಿಕೊಂಡು ಹೋಗುತ್ತದೆ. ಇದು ಪೆಟ್ಟಿಗೆ ಹೂಳುವ ಆ ಸಮಾರಂಭದ ಹಿಂದಿನ ದಿನ ನಿಮ್ಮ ಕೈ ಸೇರುವಂತೆ ಕಳಿಸುತ್ತಿದ್ದೇನೆ. ಅಂದರೆ ಫೋಟೋ ತೆಗೆಯುವುದು ನಿಮಗೆ ನಾಳೆ. ದಯವಿಟ್ಟು ಯಾರ ಒಪ್ಪಿಗೆಯನ್ನೂ ಕೇಳಬೇಡಿ, ಕೇಳಿದರೆ ಇನ್ನೊಂದು ಶಾಲು ಹಾಕುತ್ತಾರೆ. ಬೆಳಿಗ್ಗೆ ಬೇಗ ಹೋಗಿ, ಗ್ರೀಸ್ ಮೆತ್ತಿ, ಒಂದು ಸ್ಲಿಪ್ ಗೇಜಿನ ಜೊತೆ ಅದನ್ನು ಶಾಲಿನ ಕೆಳಗೆ ತಳ್ಳಿಬಿಡಿ. ಸ್ಕ್ಯಾನರಿನ ಬ್ಯಾಟರಿಯನ್ನೂ ಕಿತ್ತು ಹಾಕಿದರೆ ಉಪಕಾರವಾದೀತು. ದಿನಾ ಕೈಯಲ್ಲಿ ಹಿಡಿಯುವ ಉಪಕರಣವನ್ನು ಕೇಳುತ್ತಿದ್ದೇನೆ, ಕಳೆದುಹಾಕಿದಿರೆಂದು ನೀವು ಬೈಸಿಕೊಳ್ಳಬೇಕಾದೀತು. ಗೊತ್ತು. ಆದರೂ ಕೇಳುತ್ತಿದ್ದೇನೆ, ನನಗೆ ಕೇಳಲು ಇನ್ನಾರೂ ಇಲ್ಲ.

ಫೋಟೋವನ್ನು ಖಾನಾವಳಿಯ ಗೋಡೆಗೆ ತೂಗುಹಾಕಿದ್ದೇನೆ. ಅದರ ಕೆಳಗೇ ಅಕ್ಕ ಸ್ಟೂಲಿನ ಮೇಲೆ ಕೂತು ರೊಟ್ಟಿ ಬಡಿಯುತ್ತಾಳೆ. ನಾಳೆ ಬೆಳಿಗ್ಗೆ, ಈ ಓಲೆ ಹೋದ ಮೇಲೆ, ಮನೆಯಲ್ಲಿರುವ ಪೆಟ್ಟಿಗೆಯನ್ನು ಮತ್ತೆ ತೆರೆಯುವ ಮೊದಲು ಹೋಗಿ ಆ ಫೋಟೋ ನೋಡುತ್ತೇನೆ; ನೀವು ಕೊಟ್ಟಿದ್ದರೆ ಅದೂ ಬದಲಾಗಿರುತ್ತದೆ. ಮಿಕ್ಕವರು ಎಷ್ಟು ಬೇಕಾದರೂ ನಗುತ್ತಿರಲಿ. ನಿಮ್ಮ ಜೇಬು ಮಾತ್ರ ಖಾಲಿಯಿರಲಿ, ಅಕ್ಕಾರೇ.

ನೀಲಗಂಗವ್ವ