ಮಚ್ಚಿನ ಹಿಡಿ, ಪಿಸ್ತೂಲಿನ ಹಿಡಿ

ಪಿಸ್ತೂಲಿನ ಪರವಾನಗಿ ಕೊಡುವ, ಕೊಡದೆಯೂ ಇರುವ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಸೌಂದರ್ಯಳ ಅರ್ಜಿಯನ್ನು ನೀವು ತಿರಸ್ಕರಿಸಿದ್ದೀರಿ. ಕಾರಣ ಕೇಳಿದ್ದಕ್ಕೆ, ಅವಳು ಮಚ್ಚಿನೇಟು ತಿಂದವಳು, ಕೈಗೆ ಪಿಸ್ತೂಲು ಬಂದರೆ ಸೇಡು ತೀರಿಸಿಕೊಂಡಾಳು ಅಂದಿರಿ. ಕೋಣೆಯೊಳಗೆ ಅಂದಿದ್ದನ್ನು ನಾಲ್ಕು ಜನರ ಮುಂದೆ ಇಡೋಣವೆಂದು ಪೇಪರಿಗೆ ಈ ಪತ್ರ. ನಾನು ಗಾವಡಗೆರೆ ಕಡೆಯ ಹಳ್ಳಿಯವಳು, ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸು ಓದಿದವಳು. ಮಾತು ಒರಟಾದರೆ ಸಹಿಸಿಕೊಳ್ಳಿ. ನಿಮ್ಮದನ್ನು ನಾವು ಸಹಿಸಿಕೊಂಡು ಬಂದೆವಲ್ಲ.

ಮೊದಲು ಆ ಏಟಿನ ವಿಷಯ. ಹೊಡೆದವನು ಪಕ್ಕದ ಹೊಲದವನು. ಹೆಸರು ಬರೆದರೆ ಮಾನ ಹೋಯಿತೆಂದು ಕೇಸು ಹಾಕುತ್ತಾನಂತೆ. ಇಲ್ಲದ್ದು ಹೇಗೆ ಹೋಗುತ್ತದೋ. ಅವನು ಬದುವಿನ ಕಲ್ಲು ಕಿತ್ತು ನಮ್ಮ ಹೊಗೆಸೊಪ್ಪಿನ ಸಾಲಿನೊಳಕ್ಕೆ ನೆಟ್ಟಿದ್ದ. ಕೇಳಲು ಹೋದೆ. "ಗಂಡ ಸತ್ತ ಮುಂಡೆ, ನಿಂಗ್ಯಾವ ಬದು?" ಅಂದವನೇ ಮಚ್ಚು ಎತ್ತಿದ. ಅದು ನನ್ನ ಕತ್ತಿಗೆ ಬರುತ್ತಿತ್ತು. ಹಿಂದಿನಿಂದ ಓಡಿ ಬಂದ ಮಗಳು ಬಲಗೈ ಅಡ್ಡ ಹಿಡಿದಳು. ಕಿರುಬೆರಳು ಅಲ್ಲೇ ಸಾಲಿನಲ್ಲಿ ಬಿತ್ತು. ಉಂಗುರದ ಬೆರಳು ತೊಗಲಿನಲ್ಲಿ ನೇತಾಡುತ್ತಿತ್ತು, ಆಸ್ಪತ್ರೆಯಲ್ಲಿ ಅದನ್ನೂ ತೆಗೆದರು. ಅವನು ಎರಡನೇ ಏಟಿಗೆ ಮಚ್ಚು ಎತ್ತಿದಾಗ ನಾನು ಅದೇ ಬದುವಿನ ಕಲ್ಲನ್ನು ಎತ್ತಿ ಅವನ ಮೊಣಕಾಲಿನ ಮೇಲೆ ಹಾಕಿದೆ. ಮೂಳೆ ಮುರಿದ ಸದ್ದು ಕೇಳಿತು. ಕೇಳಿ ಸಮಾಧಾನವಾಯಿತು. ದೇವರ ಮುಂದೆಯೂ ಹಾಗೇ ಹೇಳಿದ್ದೇನೆ.

ಕೆಳಗೆ ಬಿದ್ದ ಮಚ್ಚನ್ನು ಆಗ ನೋಡಿದೆ. ಬೆವರಿನಲ್ಲಿ ಜಾರದಿರಲಿ ಎಂದು ಹಿಡಿಗೆ ಸೈಕಲ್ ಟ್ಯೂಬ್ ಕತ್ತರಿಸಿ ಒತ್ತೊತ್ತಾಗಿ ಸುತ್ತಿದ್ದ. ಅವನ ಬೆರಳು ಕೂರುವ ಕಡೆ ತಗ್ಗು ಬಿದ್ದಿತ್ತು. ಅಷ್ಟು ಹಿತವಾದ ಹಿಡಿ ನಿನಗ್ಯಾಕಯ್ಯ ಎಂದು ಅವನನ್ನು ಯಾರೂ ಕೇಳಲಿಲ್ಲ. ನನ್ನ ಮಗಳನ್ನು ಕೇಳಿದಿರಿ.

ಸೌಂದರ್ಯ ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹೊಡೆಯುತ್ತಿದ್ದವಳು. ಬೆರಳು ಹೋದ ಮೇಲೆ, ಮೈಸೂರಿನ ಒಂದು ಶೂಟಿಂಗ್ ಕ್ಲಬ್ಬಿನ ಕೋಚ್ ಮಾದೇಶ್ ಅವರು "ತೋರುಬೆರಳು ಉಳಿದದೆ, ಒಂದೇ ಕೈಲಿ ಹಿಡಿಯೋ ಪಿಸ್ತೂಲು ಕಲಿ ಬಾ" ಅಂದರು. ಪಾಯಿಂಟ್ ಟೂ ಟೂ ಎನ್ನುತ್ತಾರೆ, ಪಂದ್ಯಕ್ಕೆ ಗುರಿ ಹೊಡೆಯುವಂಥದ್ದು. ಗುಂಡಿನ ತಲೆ ಹುಣಸೆಬೀಜಕ್ಕಿಂತ ಸಣ್ಣದು. ಆದರೆ ಕ್ಲಬ್ಬಿನ ಪಿಸ್ತೂಲಿನ ಮರದ ಹಿಡಿ ಐದು ಬೆರಳಿನ ಗಂಡಸಿಗೆ ಮಾಡಿದ್ದು. ಹೊಡೆದಾಗಲೆಲ್ಲ ಅವಳ ಕೈಯೊಳಗೆ ತಿರುಗಿ, ಕಡಿದ ಜಾಗವನ್ನೇ ಉಜ್ಜಿ ರಕ್ತ ಬರಿಸುತ್ತಿತ್ತು. ಹಲ್ಲು ಕಚ್ಚಿ ಹೊಡೆಯುವಳು, ಗುಂಡು ಎಡಕ್ಕೆ ಹೋಗುವುದು.

ಯಾಕೆ ಹಾಗೆ ಎಂದು ಗೊತ್ತಾಗಿದ್ದು ನನ್ನ ದಡ್ಡತನದಿಂದ. ಆಯುಧಪೂಜೆ ದಿನ ಕ್ಲಬ್ಬಿಗೆ ಹೋಗಿ, ಮೇಜಿನ ಮೇಲಿದ್ದ ಖಾಲಿ ಪಿಸ್ತೂಲಿನ ಹಿಡಿಗೆ ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತುಂಬ ಬಳಿದುಬಿಟ್ಟೆ, ಮನೆಯ ಗುದ್ದಲಿಗೆ ಬಳಿಯುವ ಹಾಗೆ.

"ಇದು ಎತ್ತಿನಗಾಡಿ ಅಲ್ಲ ಕಣವ್ವ" ಅಂದರು ಮಾದೇಶ್.

"ಆಯುಧ ಅಲ್ವೇನಪ್ಪ? ಬುಡು, ತಾಯಿ ಕಾಯ್ತಾಳೆ."

"ಕಾಯೋಳು ತಾಯಿ, ಒರೆಸೋನು ನಾನು."

ಅಷ್ಟರಲ್ಲಿ ಮಗಳು ಅದನ್ನು ಎತ್ತಿ ಹಿಡಿದು ಇಟ್ಟಿದ್ದಳು. ಅಂಗೈ ಬಿಡಿಸಿದರೆ ಹೆಬ್ಬೆರಳಿನ ಬುಡದಲ್ಲಿ ಕೆಂಪು, ನಡುಬೆರಳಿನಲ್ಲಿ ಕೆಂಪು, ಮಿಕ್ಕಿದ್ದೆಲ್ಲ ಖಾಲಿ. ಮಾದೇಶ್ ನಗುವುದು ಬಿಟ್ಟು ಅವಳ ಕೈಯನ್ನು ಬೆಳಕಿಗೆ ತಿರುಗಿಸಿದರು. "ಇಲ್ಲೆಲ್ಲ ಮರ ಮುಟ್ಟೇ ಇಲ್ಲ ಕಣ್ರವ್ವ. ಇವಳು ಎರಡೇ ಕಡೆ ಅಮುಕಿ ಹೊಡೀತಾವಳೆ." ಕ್ಲಬ್ಬಿನದು ಹತ್ತು ಜನರ ಪಿಸ್ತೂಲು, ಒಬ್ಬಳಿಗೆಂದು ಅದರ ಮರ ಕೆತ್ತುವಂತಿಲ್ಲ. ಅದಕ್ಕೇ ಅವಳದೇ ಆದದ್ದು ಬೇಕಾಯಿತು.

ಅಂಗಡಿಯಲ್ಲಿ ಮೂರನ್ನು ಹಿಡಿದು ನೋಡಿದಳು. ಒಂದರ ಮೂತಿ ಭಾರ. ಇನ್ನೊಂದರ ಹಿಡಿ ರಾಗಿ ಮುದ್ದೆಯಷ್ಟು ದಪ್ಪ. ಮೂರನೆಯದಕ್ಕೆ ಅಂಗೈ ಕೆಳಗೆ ಒಂದು ಮರದ ತಟ್ಟೆ, ಮೇಲೆ ಕೆಳಗೆ ಸರಿಸಿ ಬಿಗಿಯಬಹುದು. ಬೆರಳಿಲ್ಲದ ಕಡೆ ಅದೇ ಕೈಯನ್ನು ಹೊರುತ್ತದೆ. ಕಣ್ಣು ಮುಚ್ಚಿ ಹಿಡಿದು ತೋಳು ಎತ್ತಿದಳು. "ಅವ್ವ, ನೋಯ್ತಿಲ್ಲ" ಅಂದಳು. ಆ ಕೈಯ ವಿಷಯದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

ಈ ಕಥೆಯನ್ನೆಲ್ಲ ನಿಮ್ಮ ಮುಂದೆ ಹೇಳಿದೆವು. "ಕೈಗೆ ಹಿತವಾಗಿರಬೇಕಂತೆ. ಇದೇನು ಬಳೆಯಾ?" ಅಂದಿರಿ. ಎಡಗೈಯಲ್ಲಿ ಹೊಡೆದರಾಗದೇ ಅಂದಿರಿ. ನೀವು ಒಂದು ದಿನ ಎಡಗೈಯಲ್ಲಿ ಸಹಿ ಹಾಕಿ, ಆಮೇಲೆ ಕೇಳಿ. ಕೊನೆಗೆ ಸೇಡಿನ ಮಾತು ತೆಗೆದಿರಿ. ಆಗ ನನ್ನ ಮಗಳು ಕೇಳಿದಳು: "ಏಟು ತಿಂದೋಳಿಗೆ ಕೊಡಲ್ಲ, ಸರಿ ಸಾರ್. ಹೊಡೆದೋನ ಕೋವಿ ವಾಪಸ್ ಕೊಟ್ಟೋರು ಯಾರು?" ನೀವು ಬೆಲ್ ಒತ್ತಿ ಮುಂದಿನವರನ್ನು ಕರೆದಿರಿ.

ಓದುವವರಿಗೂ ಗೊತ್ತಿರಲಿ. ಆ ಪಕ್ಕದ ಹೊಲದವನಿಗೆ ಬೆಳೆ ಕಾಯಲೆಂದು ಜೋಡುನಳಿಗೆ ಕೋವಿಯ ಪರವಾನಗಿ ಇದೆ. ನಮ್ಮ ಮೇಲೆ ಮಚ್ಚು ಎತ್ತಿದ ಮೇಲೆ ಬಂದ ಚುನಾವಣೆಗೆ ಎಲ್ಲರಂತೆ ಅದನ್ನು ಠಾಣೆಗೆ ಕೊಟ್ಟಿದ್ದ, ಮುಗಿದ ಮೇಲೆ ಎಲ್ಲರಂತೆ ಪಡೆದ. ಕೇಸಿನ್ನೂ ತೀರ್ಪಾಗಿಲ್ಲ, ಹಂದಿ ಕಾಟವಿದೆ ಎಂಬುದು ಆಮೇಲೆ ನಿಮ್ಮ ಕಚೇರಿ ಕೊಟ್ಟ ಉತ್ತರ. ನಮ್ಮೂರ ಹಂದಿಗಳೆಲ್ಲ ಸುಖವಾಗಿವೆ, ಸ್ವಾಮಿ. ಅವನು ಕೋವಿಯನ್ನು ಹೆಗಲಿಗೇರಿಸಿಕೊಂಡು ಕುಂಟುತ್ತ ನಮ್ಮ ಬಾಗಿಲ ಮುಂದೆಯೇ ಹೋಗುತ್ತಾನೆ. ನಮ್ಮ ಬಾಗಿಲಲ್ಲಿ ಯಾವ ಹಂದಿ ಇದೆ?

ಇನ್ನು ಸೇಡು. ಕೊಲ್ಲಲು ಪಿಸ್ತೂಲೇ ಬೇಕೆಂದು ನಿಮಗೆ ಯಾರು ಹೇಳಿದರು? ನನ್ನ ಮನೆಯಲ್ಲಿ ಈಳಿಗೆಮಣೆ ಇದೆ, ಕುಡುಗೋಲಿದೆ, ಸೊಪ್ಪಿಗೆ ಹೊಡೆಯುವ ವಿಷವಿದೆ. ಇವಕ್ಕೆ ಪರವಾನಗಿ ಇಲ್ಲ. ಅವನು ಬಾಗಿಲ ಮುಂದೆ ಹಾದಾಗ ನನ್ನ ಕೈ ತಾನಾಗಿ ಕುಡುಗೋಲಿನ ಕಡೆ ಹೋಗುತ್ತದೆ. ಅವನ ಅಂಗಿ ಮುಗಿದು ಕತ್ತು ಎಲ್ಲಿ ಶುರುವಾಗುತ್ತದೆ ಎಂದು ನನಗೆ ಗೊತ್ತು. ಆಗ ದೇವರ ಮುಂದೆ ಹೋಗಿ ಕೂರುತ್ತೇನೆ, ಕೈ ತಣ್ಣಗಾಗುವ ತನಕ. ಮಗಳಿಗೆ ಹಾಗೆ ಹೋಗಿ ನಿಲ್ಲುವ ಜಾಗ ಆ ಕ್ಲಬ್ಬು. ಉಸಿರು ಹಿಡಿದು ಕಾಗದದ ಕಪ್ಪು ಚುಕ್ಕೆಗೆ ಹೊಡೆದು ಬಂದ ದಿನ ಅವಳು ನಿದ್ದೆಯಲ್ಲಿ ಚೀರುವುದಿಲ್ಲ. ನೀವು ಪಿಸ್ತೂಲನ್ನು ತಪ್ಪಿಸಿ ಅವಳನ್ನು ಕುಡುಗೋಲಿನ ಪಕ್ಕದಲ್ಲಿ ಕೂರಿಸಿದ್ದೀರಿ.

ಬೆಟ್ಟದ ತಾಯಿ ಚಾಮುಂಡಿ ಕೈಗೊಂದು ಆಯುಧ ಹಿಡಿದವಳು. ಅವಳ ಅರ್ಜಿ ನಿಮ್ಮ ಮೇಜಿಗೆ ಬಂದಿದ್ದರೆ, ಮಹಿಷನ ಮೇಲೆ ಹಳೇ ದ್ವೇಷವಿದೆ ಎಂದು ತಿರಸ್ಕರಿಸಿ, ಅವನ ಕತ್ತಿಯನ್ನು ಬೆಳೆ ರಕ್ಷಣೆಗೆಂದು ನವೀಕರಿಸಿ ಕೊಡುತ್ತಿದ್ದಿರಿ.

ನಾನು ಕೇಳುವುದು ಇಷ್ಟು. ಅವನ ಕೋವಿಯನ್ನು ಠಾಣೆಗೆ ಹಾಕಿಸಿ. ಮಗಳ ಅರ್ಜಿಯನ್ನು ಮತ್ತೆ ತೆಗೆಯಿರಿ. ತೆಗೆಯುವ ಮೊದಲು ಒಮ್ಮೆ ಕ್ಲಬ್ಬಿಗೆ ಬಂದು, ನಿಮ್ಮ ಬಲಗೈಯ ಕೊನೆಯ ಎರಡು ಬೆರಳು ಮಡಚಿ ದಾರದಲ್ಲಿ ಕಟ್ಟಿಕೊಳ್ಳಿ. ಹಿಡಿಗೆ ಕುಂಕುಮ ನಾನೇ ಬಳಿದು ಕೊಡುತ್ತೇನೆ. ಹಿಡಿದು, ಹೊಡೆದು, ಆಮೇಲೆ ನಿಮ್ಮ ಅಂಗೈಯನ್ನು ನೋಡಿಕೊಳ್ಳಿ.

ನಿಮ್ಮ ಉತ್ತರ ಬರುವ ತನಕ ಇರಲಿ ಎಂದು ಕುಡುಗೋಲನ್ನು ಅಟ್ಟಕ್ಕೆ ಹಾಕಿ ಏಣಿ ತೆಗೆದಿಟ್ಟಿದ್ದೇನೆ. ತಡಮಾಡಬೇಡಿ. ಏಣಿ ಮನೆಯಲ್ಲೇ ಇದೆ.

ಇಂತಿ,
ಕೈ ತಣ್ಣಗಿರಲೆಂದು ದಿನವೂ ದೀಪ ಹಚ್ಚುವ
ಚಿಕ್ಕಬೀರಮ್ಮ
ಗಾವಡಗೆರೆ ಹೋಬಳಿ, ಹುಣಸೂರು ತಾಲ್ಲೂಕು