ವಾಸನೆಯಿಲ್ಲದ ಬಣ್ಣ

ಜೂನ್ 3, ಮಂಗಳವಾರ

ಇವತ್ತೂ ಅದೇ. ನಮ್ಮ ಟ್ಯಾಂಕ್ ಶೆಡ್ಡಿನವರು ಹೊಸ ಎಪಾಕ್ಸಿ ಬಣ್ಣದ ಡಬ್ಬಿ, ಅದನ್ನು ಗಟ್ಟಿ ಮಾಡುವ ರಸದ ಡಬ್ಬಿ, ಎರಡನ್ನೂ ಪೂರ್ತಿ ಒಂದೇ ಬಕೆಟ್‌ಗೆ ಸುರಿದು, ಕಲಸಿಟ್ಟು, ಚಹಾಕ್ಕೆ ಹೋದರು. ಸ್ವಲ್ಪ ಸ್ವಲ್ಪವೇ ಕಲಸಿ, ಕೂಡಲೇ ಬಳಿಯಿರಿ ಅಂತ ಕಂಪನಿಯವರು ಹರಿಹರದ ತನಕ ಬಂದು ಹೇಳಿ ಹೋಗಿದ್ದಾರೆ. ನಾನೂ ಸ್ಟೋರಿನ ಕಿಟಕಿಯಿಂದ ಕೂಗಿ ಹೇಳಿದೆ. ವಾಪಸ್ ಬರುವಷ್ಟರಲ್ಲಿ ಬಕೆಟ್ ಬಿಸಿಯಾಗಿ ಹೊಗೆ. ಬ್ರಷ್ ಒಳಗೇ ಕಲ್ಲಾಗಿ ನಿಂತಿತ್ತು.

"ನೋಡ್ರಿ ಶಾಂತಲಕ್ಕ, ಗರುಡಗಂಬ ನೆಟ್ಟಂಗಾತು," ಅಂದ ಬಕ್ಕೇಶ. ಎಲ್ಲರೂ ನಕ್ಕರು. ಬೈಗುಳ ಮಾತ್ರ ಬಣ್ಣಕ್ಕೆ.

ಜೂನ್ 5, ಗುರುವಾರ

ಫೋರ್‌ಮನ್ ಉಚ್ಚೆಂಗಪ್ಪ ಬಣ್ಣ ತೆಳು ಮಾಡಲು ಥಿನ್ನರ್ ಕೇಳಿದರು. ಈ ಬಣ್ಣಕ್ಕೆ ಹಾಕಬಾರದು, ಥಿನ್ನರ್ ಬ್ಯಾಡ ಅಂತಲೇ ಮಾಲೀಕರು ಇದನ್ನು ತರಿಸಿದ್ದು ಅಂದೆ.

"ವಾಸನೆ ಇಲ್ಲದ್ದು ಪೇಂಟ್ ಹೆಂಗಾಗ್ತೈತೆ? ಮೈದಾ ಅಂಟು ಇದ್ದಂಗೈತೆ."

"ಟ್ಯಾಂಕ್ ಒಳಗೆ ಬಳಿಯೋದು ಅಣ್ಣ."

"ಗೊತ್ತೈತೆ ಬಿಡವ್ವ."

ಗೊತ್ತಿರಲೇಬೇಕು. ಹೋದ ದೀಪಾವಳಿಗೆ ಮುಂಚೆ ನಮ್ಮ ಮನೆಯವರನ್ನು ಟ್ಯಾಂಕಿನಿಂದ ಹೊರಗೆ ಎಳೆದು ಹಾಕಿದವರು ಅವರೇ. ಥಿನ್ನರ್ ಹೊಗೆ ತಲೆಗೇರಿ, ಏಣಿ ಹತ್ತಲಾಗಲಿಲ್ಲ ಇವರಿಗೆ. ಹೆಣದ ಮುಂದೆ ಅತ್ತರು ಕೂಡ. ಅಷ್ಟಾದರೂ... ಏನು ಜನವೋ.

ಜೂನ್ 11, ಬುಧವಾರ

ಅವರು ತಗಡಿನ ತುಂಡಿಗೆ ಬಳಿದು ನೋಡಿದ್ದು ಇನ್ನೂ ಒಣಗಿಲ್ಲ, ಅಂಟಂಟು. ಥಿನ್ನರ್ ಬೆರೆಸಿದ್ದಾರೆ, ಮತ್ತೇನು. ಸ್ಟೋರಿನಿಂದ ನಾನು ಕೊಟ್ಟಿಲ್ಲ. ಉಚ್ಚೆಂಗಪ್ಪನವರೇ ಹೊರಗಿನಿಂದ ತಂದು ಬೆಂಚಿನ ಕೆಳಗೆ ಕ್ಯಾನ್ ಇಟ್ಟುಕೊಂಡಿದ್ದಾರೆ. ನಾಳೆ ಟ್ಯಾಂಕಿಗೆ ಇಳಿಯುವವನು ಹಾಲಸ್ವಾಮಿ. ನಂದಿಗುಡಿಯವನು. ಹೆಂಡತಿ ಬಾಣಂತಿ.

ಮಾಲೀಕರಿಗೆ ಫೋನ್ ಮಾಡಿದೆ. "ನೋಡ್ತೀನಿ ಬಿಡಮ್ಮ." ಎಲ್ಲರೂ ನೋಡುವವರೇ.

ಶೆಡ್ ಮುಚ್ಚುವಾಗ ಕ್ಯಾನ್ ಬ್ಯಾಗಿಗೆ ತುರುಕಿಕೊಂಡು ಬಸ್ ಹತ್ತಿದೆ. "ಏನವ್ವ ಬ್ಯಾಗಲ್ಲಿ? ನಾತ ಹೊಡೀತೈತೆ," ಅಂದ ಕಂಡಕ್ಟರ್. ನೇಲ್ ಪಾಲಿಶ್ ಒಡೆದಿದೆ ಅಂದೆ. ನನ್ನ ಬೋಳು ಉಗುರು ನೋಡಿ, ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ. ಆವರಗೆರೆಯಲ್ಲಿ ಇಳಿಯುವ ತನಕ ಬ್ಯಾಗನ್ನು ಕಾಲ ನಡುವೆ ಒತ್ತಿ ಹಿಡಿದಿದ್ದೆ.

ಜೂನ್ 12, ಗುರುವಾರ, ಸಂಜೆ

ಬೆಳಗ್ಗೆ ಶೆಡ್ಡೆಲ್ಲ ತಲೆಕೆಳಗು. "ನನ್ ಕ್ಯಾನ್ ಯಾವನು ಎತ್ತಿದ್ದು?" ಉಚ್ಚೆಂಗಪ್ಪ ಒಬ್ಬೊಬ್ಬರ ಮುಖ ನೋಡಿದರು. ನನ್ನ ಮುಖ ನೋಡಿದ್ದೇ, ಹುಡುಕುವುದು ಬಿಟ್ಟು ಬ್ರಷ್ ತೆಗೆದುಕೊಂಡರು.

"ಈ ಗಟ್ಟಿ ಅಂಬಲಿ ಹೆಂಗೆ ಬಳೀಲಿ?" ಅಂದ ಹಾಲಸ್ವಾಮಿ. ಡಬ್ಬಿ ಬಿಸಿನೀರಲ್ಲಿಡಿ ಅಂತ ಕಂಪನಿಯವರು ಇದಕ್ಕೂ ಹೇಳಿದ್ದರು. ಯಾರು ಕೇಳಿದ್ದು? ಚಹಾದ ಒಲೆ ಮೇಲೆ ನಾನೇ ನೀರು ಕಾಯಿಸಿಕೊಟ್ಟೆ. ಬಣ್ಣ ತೆಳುವಾಯಿತು. ಸ್ವಲ್ಪ ಸ್ವಲ್ಪವೇ ಕಲಸಿದರು — ಗೊಣಗುತ್ತಲೇ. ಫ್ಯಾನ್ ಹಚ್ಚಿದರು. ಅವನು ಇಳಿದ.

ನನಗೆ ಸ್ಟೋರಿನ ಕೆಲಸ ಓಡಲಿಲ್ಲ. ಏಣಿಯನ್ನೇ ನೋಡುತ್ತಾ ಕೂತೆ.

ಮಧ್ಯಾಹ್ನ ತಾನೇ ಹತ್ತಿ ಬಂದ. "ಹಸಿವು ಅಕ್ಕ, ಏನೈತೆ ಡಬ್ಬಿಯಾಗೆ?" ಮೊದಲೆಲ್ಲ ಟ್ಯಾಂಕಿನಿಂದ ಬಂದವರಿಗೆ ಊಟ ಸೇರುತ್ತಿರಲಿಲ್ಲ. ತಲೆನೋವು ಅಂತ ಮಲಗಿಬಿಡುತ್ತಿದ್ದರು. ನನ್ನ ರೊಟ್ಟಿಯನ್ನೂ ತಿಂದ.

ಈಗ ಮನೆಗೆ ಬಂದರೆ ಇನ್ನೊಂದು ಕರ್ಮ. ಬಚ್ಚಲಲ್ಲಿಟ್ಟ ಕ್ಯಾನಿನ ಮುಚ್ಚಳ ಸಡಿಲವಾಗಿತ್ತು. ಮನೆಯೆಲ್ಲ ಥಿನ್ನರ್. ಮುಚ್ಚಳ ಬಿಗಿ ಮಾಡಿ ಹಿತ್ತಲಿಗೆ ಇಟ್ಟು ಬಂದೆ.

ಇವರು ಇದ್ದಾಗ, ಕೆಲಸ ಮುಗಿಸಿ ಬಾಗಿಲಲ್ಲಿ ನಿಂತರೆ ಇದೇ ವಾಸನೆ. "ಮೊದಲು ಸ್ನಾನ ಮಾಡ್ರಿ, ಆಮೇಲೆ ಮಾತು" ಅನ್ನುತ್ತಿದ್ದೆ. ಅಲ್ಲೇ ನಿಂತು ನಗುತ್ತಿದ್ದರು.

ಕಿಟಕಿ ತೆಗೆಯಬೇಕು. ತಲೆ ಆಗಲೇ ಭಾರ. ತೆಗೆದರೆ ಇವರ ಈ ವಾಸನೆಯೂ ಹೋಗುತ್ತದೆ.

ಎದ್ದೆ. ಕಿಟಕಿಯ ಒಂದು ಬಾಗಿಲು ತೆಗೆದೆ. ಇನ್ನೊಂದು, ಈ ಸಾಲು ಬರೆದು ತೆಗೆಯುತ್ತೇನೆ.